ಹೊಸ್ತಿಲಲ್ಲಿಟ್ಟ ತಟ್ಟೆ

"ದೂರ ಇಡೋದು ನಮಗೇನ್ ಹೊಸದಲ್ಲ ಬಿಡ್ರಿ ಅಕ್ಕಾರ."

ಸೋಮವಾರ ರಾತ್ರಿ ಆ ಅಜ್ಜಿ ಹೇಳಿದ ಮಾತು. ಇವತ್ತು ಗುರುವಾರ, ಇನ್ನೂ ಕಿವಿಯಲ್ಲೇ ಇದೆ.

ಯಾದಗಿರಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಮಕ್ಕಳ ವಾರ್ಡಿನ ನರ್ಸ್. ಅಜ್ಜಿಯ ಮೊಮ್ಮಗನಿಗೆ ದಡಾರ. ನಮ್ಮ ಕಡೆ ಗೊಬ್ಬರ ಅಂತಾರೆ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗಿದ್ದರು. 9 ತಿಂಗಳ ಲಸಿಕೆಯೂ ತಪ್ಪಿತ್ತು, ಒಂದೂವರೆ ವರ್ಷದ್ದೂ ತಪ್ಪಿತ್ತು.

ನಮ್ಮಲ್ಲಿ ಪ್ರತ್ಯೇಕ ಕೋಣೆ ಅಂದರೆ ವಾರ್ಡಿನ ತುದಿಯ ಹಳೇ ಸಾಮಾನಿನ ಕೋಣೆ. ಹೊರಗಿನ ಗಾಳಿಗೆ ಎರಡು ಕಿಟಕಿ ಇವೆ, ಅದೇ ಪುಣ್ಯ. ದಡಾರದ ವೈರಸ್ ಗಾಳಿಯಲ್ಲಿ 2 ಗಂಟೆವರೆಗೂ ಉಳಿಯುತ್ತದೆ. ಲಸಿಕೆ ಆಗದ 10 ಮಕ್ಕಳು ರೋಗಿಯ ಹತ್ತಿರ ಇದ್ದರೆ 9 ಮಕ್ಕಳಿಗೆ ಅಂಟಬಹುದು. ದದ್ದು ಎದ್ದು 4 ದಿನ ಕಳೆಯುವವರೆಗೆ ವಾರ್ಡಿನ ಕಡೆಯ ಬಾಗಿಲು ಮುಚ್ಚಲೇಬೇಕು. ಪಕ್ಕದ ಮಂಚದ ಮಕ್ಕಳಿಗೆ 72 ಗಂಟೆಯೊಳಗೆ ಲಸಿಕೆ ಹಾಕಿದರೆ ರೋಗ ತಡೆಯಬಹುದು. ಇದನ್ನೆಲ್ಲ ಓಡಾಡಿ ಮಾಡಿದೆವು.

ಆ ರಾತ್ರಿ ಊಟ ತಂದ ಹುಡುಗ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, ಕಾಲಿನಿಂದ ಒಳಗೆ ತಳ್ಳಿ ಹೋಗಿಬಿಟ್ಟ. ಅಜ್ಜಿ ತಟ್ಟೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಆ ಮಾತು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ತಡ್ಕೋಬಹುದಿತ್ತು.

ಹುಡುಗ ಕೆಟ್ಟವನಲ್ಲ. ಅವನ ಮನೆಯಲ್ಲಿ 5 ತಿಂಗಳ ಕೂಸಿದೆ. ಇದ್ದ ಎನ್-95 ಮಾಸ್ಕ್‌ಗಳನ್ನು ನಾವು ನರ್ಸ್‌ಗಳೇ ಎಣಿಸಿ ಹಂಚಿಕೊಂಡಿದ್ದೆವು. ನಿನಗೆ ದಡಾರ ಬಂದಿತ್ತಾ, ಲಸಿಕೆ ಆಗಿದೆಯಾ ಅಂತ ಅವನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಜ್ಜಿಗೂ ಅಷ್ಟೇ. "ಆ ಕೋಣೆಗೆ ಹೋಗ್ರಿ" ಅಂದಿದ್ದೆವು, ಮುಗೀತು. ಊರಿನ ಹೋಟೆಲಿನಲ್ಲಿ ತಮಗೆ ಅಂತ ಬೇರೆ ಲೋಟ ಇಟ್ಟಿದ್ದನ್ನು ನೋಡಿ ಬೆಳೆದವರು ಅವರು. ಇದು ಬೇರೆ ಥರದ ದೂರ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಮರುದಿನ ತಟ್ಟೆ ನಾನೇ ಒಯ್ದು ಕೈಗೆ ಕೊಟ್ಟೆ. ಮಂಚದ ಹತ್ತಿರ ಕೂತೆ. "ಇದು ಗಾಳಿಯಿಂದ ಹರಡ್ತದ ಯವ್ವಾ. ಆಚೆ ಸಣ್ಣ ಕೂಸುಗಳದಾವ, ಅದಕ್ಕ ಬಾಗಿಲ ಹಾಕೀವಿ."

"ಹಂಗಾದ್ರ ನೀವ್ಯಾಕ ಒಳಗ ಬಂದ್ರಿ?"

"ಸಣ್ಣಾಕಿದ್ದಾಗ ನನಗೂ ಗೊಬ್ಬರ ಎದ್ದಿತ್ತು. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತ ಬರಂಗಿಲ್ಲ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನೆನ ಹೇಳಬೇಕಿತ್ತಲ್ರಿ ಇದನ್ನ" ಅಂದರು.

ಇವತ್ತು ಆ ಹುಡುಗನನ್ನೂ ಕೇಳಿದೆ. ಚಿಕ್ಕವನಿದ್ದಾಗ ಯಾವ ಲಸಿಕೆ ಆಗಿದೆಯೋ ಗೊತ್ತಿಲ್ಲವಂತೆ. ಅವನಮ್ಮನಿಗೆ ಫೋನ್ ಮಾಡಿ ಕೇಳು ಅಂದಿದ್ದೇನೆ. ಅಲ್ಲಿವರೆಗೆ ತಟ್ಟೆ ನಾನೇ ಒಯ್ಯುತ್ತೇನೆ.