ಗೆಲ್ಲದಿದ್ದರೆ ಟೀವಿ ಶೋಗೆ ಹೋಗಿ ಏನು ಬಂತು?

ನಾನು ಮಕ್ಕಳಿಗೆ ರಂಗಗೀತೆ ಹೇಳಿಕೊಡುತ್ತೇನೆ. ಆಡಿಷನ್ ಶುರುವಾದರೆ ಸಾಕು, ಅಪ್ಪ ಅಮ್ಮಂದಿರು ಬಂದು ಕೇಳುವುದು ಒಂದೇ. "ಮೇಡಂ, ಕಳಿಸ್ತೀವಿ ಸರಿ. ಗೆಲ್ಲಲಿಲ್ಲ ಅಂದ್ರೆ? ಮಗು ಕುಗ್ಗಿಹೋಗಲ್ವಾ?"

ಆಗ ನಾನು ಬ್ರಿಟನ್ನಿನ ರಂಗನಟಿ ಸಮಾಂತಾ ಬಾರ್ಕ್ಸ್ ಕಥೆ ಹೇಳುತ್ತೇನೆ. ಅವಳು ಗೆದ್ದವಳಲ್ಲ. ಮೂರನೆಯವಳು.

2008ರಲ್ಲಿ ಬಿಬಿಸಿಯಲ್ಲಿ 'ಐಡ್ ಡೂ ಎನಿಥಿಂಗ್' ಎಂಬ ಶೋ ಬಂತು. 'ಆಲಿವರ್!' ಎಂಬ ಸಂಗೀತ ನಾಟಕವನ್ನು ಲಂಡನ್ನಿನಲ್ಲಿ ಮತ್ತೆ ಆಡಿಸುವವರಿದ್ದರು. ಅದರ ನ್ಯಾನ್ಸಿ ಪಾತ್ರಕ್ಕೆ ಯಾರು ಎಂಬುದನ್ನು ಜನರೇ ಫೋನ್ ಮಾಡಿ ಆರಿಸಬೇಕಿತ್ತು. ಕಣದಲ್ಲಿದ್ದದ್ದು 12 ಮಂದಿ. ಸಮಾಂತಾ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದ ಹುಡುಗಿ, ವಯಸ್ಸು 17. ಫೈನಲ್‌ವರೆಗೂ ಬಂದಳು. ಪಾತ್ರ ಮಾತ್ರ ಜೋಡಿ ಪ್ರೆಂಜರ್ ಪಾಲಾಯಿತು. ಎರಡನೆಯವಳು ಜೆಸ್ಸಿ ಬಕ್ಲಿ. ಇಂದು ಅವಳನ್ನು ಸಿನಿಮಾ ನೋಡುವವರೆಲ್ಲ ಬಲ್ಲರು.

ಮುಂದೇನಾಯ್ತು ಅನ್ನುವುದೇ ನನಗೆ ಮುಖ್ಯ. ಅದೇ ವರ್ಷ ಸಮಾಂತಾ 'ಕ್ಯಾಬರೇ' ನಾಟಕದ ತಂಡ ಸೇರಿ, ಸ್ಯಾಲಿ ಬೌಲ್ಸ್ ಪಾತ್ರದಲ್ಲಿ ಊರೂರು ತಿರುಗಿದಳು. ಟೀವಿಯಲ್ಲಿ ವಾರಕ್ಕೊಂದು ಪುಟ್ಟ ಹಾಡು ಹಾಡಿದರೆ ಮುಗಿಯಿತು. ನಾಟಕದಲ್ಲಿ ಹಾಗಲ್ಲ. ನಿನ್ನೆ ಅತ್ತ ಜಾಗದಲ್ಲೇ ಇವತ್ತೂ ಅಳಬೇಕು, ಅತ್ತ ಮೇಲೂ ಶ್ರುತಿ ಬಿಡಬಾರದು. ಗಂಟಲು ಕಟ್ಟಿದ್ದರೂ ಪರದೆ ಏಳುತ್ತದೆ. ಅವಳು ನಿಜವಾಗಿ ಕಲಿತದ್ದು ಈ ತಿರುಗಾಟದಲ್ಲಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

2010ರಲ್ಲಿ ಲಂಡನ್ನಿನ ಕ್ವೀನ್ಸ್ ಥಿಯೇಟರ್‌ನಲ್ಲಿ 'ಲೆ ಮಿಸರಾಬ್ಲ್' ನಾಟಕದ ಎಪೊನೀನ್ ಪಾತ್ರ ಸಿಕ್ಕಿತು. ಅಲ್ಲಿನ ದೊಡ್ಡ ರಂಗಮಂದಿರಗಳಲ್ಲಿ ವಾರಕ್ಕೆ 8 ಆಟ. ಅದೇ ವರ್ಷ ಅಕ್ಟೋಬರ್ 3ರಂದು ಆ ನಾಟಕದ 25ನೇ ವರ್ಷದ ದೊಡ್ಡ ಸಂಗೀತ ಕಛೇರಿ ಲಂಡನ್ನಿನ ಓ2 ಎಂಬ ಭಾರಿ ಸಭಾಂಗಣದಲ್ಲಿ ನಡೆಯಿತು. ಎಪೊನೀನ್ ಆಗಿ ಹಾಡಿದ್ದು ಅವಳೇ. ಹಿಂದಿನ ದಿನವಷ್ಟೇ ಅವಳಿಗೆ 20 ತುಂಬಿತ್ತು. 'ಆಲಿವರ್!' ಮತ್ತು 'ಲೆ ಮಿಸರಾಬ್ಲ್' ಎರಡರ ನಿರ್ಮಾಪಕರೂ ಕ್ಯಾಮರನ್ ಮ್ಯಾಕಿಂಟಾಶ್. ಟೀವಿಯಲ್ಲಿ ಹಾಡುವಾಗ ವೋಟು ಹಾಕುವವರಷ್ಟೇ ಅಲ್ಲ, ನಾಟಕ ಮಾಡಿಸುವವರೂ ನೋಡುತ್ತಿರುತ್ತಾರೆ ಅಲ್ವಾ?

'ಲೆ ಮಿಸರಾಬ್ಲ್' ಸಿನಿಮಾ ಆಗುವಾಗ ಹಾಡುಗಳನ್ನು ಮೊದಲೇ ರೆಕಾರ್ಡ್ ಮಾಡಿ ತುಟಿ ಆಡಿಸುವ ಪದ್ಧತಿ ಬಿಟ್ಟರು. ಕಿವಿಯಲ್ಲೊಂದು ಸಣ್ಣ ಇಯರ್‌ಪೀಸ್, ಅದರಲ್ಲಿ ಪಿಯಾನೋ. ನಟರು ಕ್ಯಾಮೆರಾ ಮುಂದೆಯೇ ಹಾಡಬೇಕು. ರಂಗದಲ್ಲಿ ಪಳಗಿದ ಗಂಟಲಿಗೆ ಅದು ಹೊಸತಲ್ಲ. ಆ ಚಿತ್ರದಲ್ಲಿ ಮಳೆಯಲ್ಲಿ ನೆನೆಯುತ್ತಾ ಅವಳು ಹಾಡುವುದನ್ನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ.

ಆ ಅವಕಾಶ ಸಿಕ್ಕ ಸುದ್ದಿ ತಲುಪಿದ ಬಗೆ ಇನ್ನೂ ಚೆಂದ. 2012ರ ಜನವರಿ 31, ಮ್ಯಾಂಚೆಸ್ಟರ್. ಊರೂರು ತಿರುಗುತ್ತಿದ್ದ 'ಆಲಿವರ್!' ತಂಡದಲ್ಲಿ ಆಗ ನ್ಯಾನ್ಸಿ ಯಾರು ಗೊತ್ತಾ? ಸಮಾಂತಾ! ಟೀವಿಯಲ್ಲಿ ಕೈತಪ್ಪಿದ ಅದೇ ಪಾತ್ರ. ಆಟ ಮುಗಿದು ಎಲ್ಲರೂ ನಮಸ್ಕರಿಸುವಾಗ ಮ್ಯಾಕಿಂಟಾಶ್ ವೇದಿಕೆ ಹತ್ತಿ, ಸಿನಿಮಾದ ಎಪೊನೀನ್ ಇವಳೇ ಎಂದು ಪ್ರೇಕ್ಷಕರ ಎದುರೇ ಹೇಳಿಬಿಟ್ಟರು.

2009ರಲ್ಲಿ, ಟೀವಿಯಲ್ಲಿ ಗೆದ್ದ ಜೋಡಿ ಪ್ರೆಂಜರ್ ನ್ಯಾನ್ಸಿಯಾಗಿ ನಿಂತದ್ದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ. 2021ರಲ್ಲಿ ಅದೇ ವೇದಿಕೆಯ ಮೇಲೆ 'ಫ್ರೋಜನ್' ನಾಟಕದ ಎಲ್ಸಾ ಆಗಿ ನಿಂತವಳು ಸಮಾಂತಾ.

ಹಾಗಂತ ಎಲ್ಲರಿಗೂ ಕಳಿಸಿ ಅನ್ನುವುದಿಲ್ಲ. ಅವಳಿಗೆ 17 ಆಗಿತ್ತು. 7-8 ವರ್ಷದ ಮಗುವಾದರೆ ಸುಮ್ನೆ ಇನ್ನೂ ಸ್ವಲ್ಪ ವರ್ಷ ಹಾಡಿಕೊಂಡಿರಲಿ ಬಿಡಿ ಎನ್ನುತ್ತೇನೆ. ದೊಡ್ಡ ಮಕ್ಕಳ ಅಪ್ಪ ಅಮ್ಮನಿಂದ ಒಂದೇ ಒಂದು ಮಾತು ತೆಗೆದುಕೊಳ್ಳುತ್ತೇನೆ. ಶೋದಿಂದ ಮಗು ಯಾವ ವಾರ ಹೊರಬಂದರೂ ಸರಿ, ಮುಂದಿನ ಶನಿವಾರ ಬೆಳಿಗ್ಗೆ ಕ್ಲಾಸಿಗೆ ಕರೆದುಕೊಂಡು ಬರಬೇಕು. ಹಾರ್ಮೋನಿಯಂ ತೆಗೆದಿಟ್ಟು ಕಾಯುತ್ತಿರುತ್ತೇನೆ.