ಸ್ಟುಡಿಯೊ ಯಾವಾಗ ತೆರೀತೀರಿ?

ಶಿವಮೊಗ್ಗದಲ್ಲಿ ನನ್ನ ಹೆಗಲ ಮೇಲೆ ಕ್ಯಾಮೆರಾ ಬ್ಯಾಗು ಕಂಡವರು ಕುಶಲ ವಿಚಾರಿಸಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಚೆನ್ನಾಗಿ ಫೋಟೊ ತೆಗೀತೀರಲ್ಲ, ಸ್ಟುಡಿಯೊ ಯಾವಾಗ ತೆರೀತೀರಿ?" ಕೇಳುವವರಲ್ಲಿ ಹೆಚ್ಚಿನವರು ನನ್ನ ಒಳಿತನ್ನು ಬಯಸುವವರೇ. ಆದರೆ ಚೆನ್ನಾಗಿ ಫೋಟೊ ತೆಗೆಯಲು ಬಂದ ಮೇಲೆ ಇನ್ನು ಬೇಕಾಗಿರುವುದು ಒಂದು ಬಾಡಿಗೆ ಮಳಿಗೆ ಮತ್ತು ಬೋರ್ಡು ಮಾತ್ರ ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ಹವ್ಯಾಸಕ್ಕೆ ತೆಗೆಯುವ ಭಾವಚಿತ್ರವೂ ದುಡ್ಡು ಪಡೆದು ತೆಗೆಯುವ ಭಾವಚಿತ್ರವೂ ಬೇರೆ ಬೇರೆ ಕೆಲಸಗಳು, ಮೊದಲನೆಯದು ಬಂದವರಿಗೆ ಎರಡನೆಯದು ತಾನಾಗಿ ಒಲಿಯುವುದಿಲ್ಲ ಎಂಬುದು ನನ್ನ ಅನುಭವ. ನಾನು ನಿಧಾನವಾಗಿರುವುದಕ್ಕೆ ಅದೇ ಕಾರಣ.

ನಮ್ಮ ಕಡೆಯ ಅನೇಕ ಹವ್ಯಾಸಿಗಳಂತೆ ನಾನೂ ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿಗಳ ಫೋಟೊ ತೆಗೆಯುವುದರಿಂದ ಆರಂಭಿಸಿದವನು. ಕರ್ನಾಟಕದಲ್ಲಿ ಹವ್ಯಾಸಿ ಛಾಯಾಗ್ರಹಣಕ್ಕೆ ಗಟ್ಟಿಯಾದ ಪರಂಪರೆಯಿದೆ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳು, ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಎಷ್ಟೋ ಮಂದಿಗೆ ದಾರಿ ತೋರಿಸಿದ್ದಾರೆ. ಆದರೆ ಸ್ಪರ್ಧೆಗಳ ಲೋಕದಲ್ಲಿ ಭಾವಚಿತ್ರವೆಂದರೆ ಬಹಳ ಸಲ ಜಾತ್ರೆಯಲ್ಲಿ ಸಿಕ್ಕ ಪೇಟದ ಅಜ್ಜನೇ ಆಗಿರುತ್ತಾನೆ: ಕಪ್ಪು ಬಿಳುಪು, ಬೀಡಿಯ ಹೊಗೆ, ಒಂದೊಂದು ಸುಕ್ಕೂ ಎಣಿಸಬಹುದಾದಷ್ಟು ಸ್ಪಷ್ಟ. ಚಿತ್ರಕ್ಕೆ ಬಹುಮಾನ ಬರುತ್ತದೆ, ಅಜ್ಜನಿಗೆ ಅದರ ಪ್ರತಿ ತಲುಪುವುದು ಅಪರೂಪ, ತಲುಪಿದರೂ ಅದು ತನಗೆ ಹಿಡಿಸಿತೇ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಅಲ್ಲಿ ತೀರ್ಪು ಕೊಡುವವರು ಇತರ ಛಾಯಾಗ್ರಾಹಕರು. ದುಡ್ಡು ಕೊಟ್ಟು ತೆಗೆಸಿಕೊಂಡ ಚಿತ್ರದಲ್ಲಾದರೆ ತೀರ್ಪು ಆ ಮುಖದವರದ್ದೇ, ಮತ್ತು ಅವರು ಬೆಳಕು ನೆರಳಿನ ಸೊಗಸನ್ನು ನೋಡುವ ಮೊದಲು ತಮ್ಮ ಗಲ್ಲವನ್ನು, ಕೂದಲನ್ನು, ಸೀರೆಯ ಸೆರಗನ್ನು ನೋಡುತ್ತಾರೆ. ಅದು ಅವರ ಹಕ್ಕು. ಈ ತೀರ್ಪಿಗೆ ಒಗ್ಗಿಕೊಳ್ಳುವುದು ಹವ್ಯಾಸಿಗೆ ಸುಲಭವಲ್ಲ.

ಎರಡನೆಯ ವ್ಯತ್ಯಾಸ ಇನ್ನೂ ಕಠಿಣವಾದದ್ದು. ಹವ್ಯಾಸಿ ಬೆಳಕು ಚೆನ್ನಾಗಿರುವ ದಿನ ಹೊರಟು, ನೂರಾರು ಚಿತ್ರ ತೆಗೆದು, ಒಂದನ್ನು ತೋರಿಸಬಹುದು. ಉಳಿದವು ಏನಾದವೆಂದು ಕೇಳುವವರಿಲ್ಲ. ಗಿರಾಕಿ ಭಾನುವಾರ ಹನ್ನೊಂದು ಗಂಟೆಗೆ ಬನ್ನಿ ಎಂದರೆ, ಆ ಹನ್ನೊಂದು ಗಂಟೆಗೆ ಆಗುಂಬೆ ಕಡೆಯ ಮೋಡವೆಲ್ಲ ಊರ ಮೇಲೆ ಬಂದು ನಿಂತಿದ್ದರೂ ಒಳ್ಳೆಯ ಚಿತ್ರವನ್ನೇ ಕೊಡಬೇಕು. ಆದ್ದರಿಂದ ಕಳೆದ ಕೆಲವು ವರ್ಷಗಳಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು, ಕೆಟ್ಟ ಬೆಳಕಿನಲ್ಲಿ ಕೆಲಸ ಮಾಡುವುದು ಹೇಗೆ ಎಂಬುದೇ. ಮಲೆನಾಡಿನ ಮನೆಗಳ ಒಳಕೋಣೆಗಳಲ್ಲಿ ಕತ್ತಲೆ ಹೆಚ್ಚು, ಜಗುಲಿ ಮಾತ್ರ ಪ್ರಶಸ್ತವಾದ ಜಾಗ. ಒಂದು ಬದಿಯಿಂದ ಬೆಳಕು, ಹಿಂದೆ ಗೋಡೆ, ಕೂರಲು ಕಟ್ಟೆ. ದುಬಾರಿ ಸ್ಟುಡಿಯೊದಲ್ಲಿ ಕಟ್ಟಿಸಬೇಕಾದದ್ದೆಲ್ಲ ಅಲ್ಲಿ ಮೊದಲೇ ಇರುತ್ತದೆ. ಆದರೆ ಎದುರಿಗೆ ಅಡಿಕೆ ತೋಟವೋ ಹುಲ್ಲಿನ ಅಂಗಳವೋ ಇದ್ದರೆ ಅದರಿಂದ ಪ್ರತಿಫಲಿಸಿ ಬರುವ ಬೆಳಕು ಹಸಿರು ಛಾಯೆಯದ್ದಾಗಿರುತ್ತದೆ. ನಮ್ಮ ಕಣ್ಣು ಅದನ್ನು ಗಮನಿಸುವುದಿಲ್ಲ, ಕ್ಯಾಮೆರಾ ಬಿಡುವುದಿಲ್ಲ. ಗಲ್ಲದ ಕೆಳಗೆ, ಕುತ್ತಿಗೆಯ ಮೇಲೆ ಕಾಯಿಲೆಯವರಲ್ಲಿ ಕಾಣುವಂಥ ಬಣ್ಣ ಉಳಿದುಬಿಡುತ್ತದೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವುದಕ್ಕಿಂತ ಅಂಗಳದ ಕಡೆಗೆ ಒಂದು ಬಿಳಿ ಪಂಚೆ ಹಾಸುವುದು, ಇಲ್ಲವೇ ತೋಟಕ್ಕೆ ಅಡ್ಡಲಾಗಿ ಥರ್ಮೋಕೋಲ್ ಹಾಳೆ ನಿಲ್ಲಿಸುವುದು ಮೇಲು.

ಲೆನ್ಸಿನ ಬಗ್ಗೆ ಜನ ಕೇಳುವಷ್ಟು ಹೇಳುವುದಕ್ಕೇನೂ ಇಲ್ಲ. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ (ಬೆಳಕನ್ನು ಹಿಡಿಯುವ ಭಾಗದ) ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸು, ಕೂತವರಿಂದ ಐದಾರು ಅಡಿ ದೂರ, ಅಷ್ಟು ಸಾಕು. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದಾಗ ಮೂಗು ದಪ್ಪವಾಗಿ ಕಿವಿಗಳು ಹಿಂದೆ ಸರಿದಂತೆ ಕಾಣುವುದು ಆ ಸಮೀಪದಿಂದ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಎಂಬ ಸಲಹೆಗೆ ದುಡ್ಡು ಬೇಕಿಲ್ಲವಾದ್ದರಿಂದಲೋ ಏನೋ, ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನು "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂಬ ಬೇಡಿಕೆ. ಭಾವಚಿತ್ರದ ವ್ಯಾಪಾರಕ್ಕೆ ಇಳಿಯುವವರು ಇದಕ್ಕೆ ಉತ್ತರವನ್ನು ಮೊದಲೇ ನಿರ್ಧರಿಸಿಕೊಂಡಿರಬೇಕು. ಮೈಬಣ್ಣವನ್ನು ಬದಲಾಯಿಸುವುದಿಲ್ಲ ಎಂಬುದು ನನ್ನ ನಿಯಮ. ಮೊಡವೆ ಹೋಗಬಹುದು, ಮಚ್ಚೆ ಇರಬೇಕು. ಆದರೆ ಈ ಬೇಡಿಕೆಯನ್ನು ಬರೀ ಬಿಳಿಬಣ್ಣದ ವ್ಯಾಮೋಹವೆಂದು ತಳ್ಳಿಹಾಕುವುದೂ ಸರಿಯಲ್ಲವೆಂದು ನನಗೆ ತೋರಿದೆ. ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಸುಣ್ಣ ಬಳಿದ ಗೋಡೆಯೆದುರು ಕೂತ ಕಪ್ಪು ಮೈಬಣ್ಣದವರನ್ನು ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರಿಗೆ ಬಿಟ್ಟರೆ, ಅದು ಅಷ್ಟೊಂದು ಬಿಳಿಯನ್ನು ಕಂಡು ಬೆಳಕನ್ನು ತಗ್ಗಿಸುತ್ತದೆ, ಮುಖ ಮಸಿಯಾಗುತ್ತದೆ, ಕಣ್ಣುಗಳು ಕಾಣುವುದೇ ಇಲ್ಲ. ಇಂಥ ಚಿತ್ರಗಳನ್ನೇ ಜೀವನವಿಡೀ ಪಡೆದವರು "ಬೆಳ್ಳಗೆ" ಎಂದಾಗ ಎಷ್ಟೋ ಸಲ ಕೇಳುತ್ತಿರುವುದು ತಮ್ಮ ಮುಖ ಕಾಣುವಷ್ಟು ಬೆಳಕನ್ನು. ಮುಖಕ್ಕೇ ಮೀಟರ್ ಹಿಡಿದು, ಬದಿಯಿಂದ ಮೃದುವಾದ ಬೆಳಕು ಬೀಳಿಸಿ, ಕೆನ್ನೆಯ ಮೇಲೆ ಹೊಳಪು ಬರುವಂತೆ ತೆಗೆದು ತೋರಿಸಿದರೆ ಹೆಚ್ಚಿನವರು ಆ ಮಾತನ್ನು ಮತ್ತೆ ಎತ್ತುವುದಿಲ್ಲ.

ನಮ್ಮಂಥ ಊರಿನಲ್ಲಿ ಬರೀ ಭಾವಚಿತ್ರಕ್ಕೆ ದುಡ್ಡು ಕೊಡುವವರು ಯಾರು? ಆಧಾರ್ ಕೇಂದ್ರದಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೂ ಅವರೇ ಫೋಟೊ ತೆಗೆಯುತ್ತಾರೆ, ಉಳಿದದ್ದಕ್ಕೆ ಕೈಯಲ್ಲಿ ಮೊಬೈಲಿದೆ. ಹೀಗಾಗಿ ಹಳೆಯ ಸ್ಟುಡಿಯೊಗಳು ಮದುವೆ, ಪ್ರಿವೆಡ್ಡಿಂಗ್, ಆಲ್ಬಂ, ಡ್ರೋನ್ ಎಂದು ಹೊರಳಿಕೊಂಡವು. ಅದು ದೊಡ್ಡ ಬಂಡವಾಳದ, ತಂಡ ಕಟ್ಟಿಕೊಂಡು ಮಾಡುವ ಕೆಲಸ. ಅದರ ಬಗ್ಗೆ ಗೌರವವಿದೆ, ಆಸೆಯಿಲ್ಲ. ನನ್ನಲ್ಲಿಗೆ ಬರುವವರು ಬೇರೆ: ರಂಗಪ್ರವೇಶದ ಆಹ್ವಾನಪತ್ರಿಕೆಗೆ ಚಿತ್ರ ಬೇಕಾದ ನೃತ್ಯದ ವಿದ್ಯಾರ್ಥಿನಿಯರು, ಮೊದಲ ಪುಸ್ತಕದ ಹಿಂಬದಿಗೆ ಬೇಕಾದ ಕವಿಗಳು, ನಿವೃತ್ತಿಯಾಗುತ್ತಿರುವ ಮೇಷ್ಟರು. ಕನ್ನಡದ ಲೇಖಕರು, ಕಲಾವಿದರ ಭಾವಚಿತ್ರಗಳಿಗೆ ಹೆಸರಾದ ಎ.ಎನ್. ಮುಕುಂದ ಅವರ ಕೆಲಸವನ್ನು ನೋಡಿದವರಿಗೆ, ಒಂದು ಮುಖವನ್ನು ಹೀಗೂ ನೋಡಬಹುದೆಂಬುದು ಗೊತ್ತಿರುತ್ತದೆ. ಅಂಥವರು ನಮ್ಮೂರಿನಲ್ಲೂ ಇದ್ದಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಬರುವವರು, ಮನೆಯ ಹಿರಿಯರ ಚಿತ್ರ ತೆಗೆಸಲು ಕರೆಯುವ ಮಕ್ಕಳು. ನಮ್ಮ ಮನೆಗಳಲ್ಲಿ ಹಿರಿಯರು ಹೋದ ಮೇಲೆ ಆಗುವುದು ನಿಮಗೆ ಗೊತ್ತು. ಯಾವುದೋ ಮದುವೆಯ ಗುಂಪಿನಿಂದ ಅವರ ತಲೆಯನ್ನಷ್ಟೇ ಕತ್ತರಿಸಿ, ಹಿಗ್ಗಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕಟ್ಟು ಹಾಕಿಸುತ್ತಾರೆ. ಪಕ್ಕದಲ್ಲಿ ನಿಂತವರ ಭುಜದ ತುಂಡೊಂದು ಚಿತ್ರದಲ್ಲಿ ಉಳಿದಿರುತ್ತದೆ. ಈಗ ಇದನ್ನು ತಪ್ಪಿಸಬೇಕೆನ್ನುವವರು ಹೆಚ್ಚುತ್ತಿದ್ದಾರೆ, ಆದರೆ ಬಾಯಿಬಿಟ್ಟು ಹೇಳುವುದು ಮಕ್ಕಳಿಗೆ ಕಷ್ಟ. ಹಿರಿಯರಿಗೇ ಆ ಸಂಕೋಚ ಕಡಿಮೆ. "ಗೋಡೆಗೆ ಹಾಕೋದಕ್ಕೆ ತಾನೇ? ಇರು, ಒಳ್ಳೆ ಸೀರೆ ಉಟ್ಕೊಂಡು ಬರ್ತೀನಿ" ಎಂದು ಒಬ್ಬ ಅಜ್ಜಿ ನಗುತ್ತಲೇ ಎದ್ದು ಹೋದರು, ಮಗ ಮುಖ ತಿರುಗಿಸಿಕೊಂಡಿದ್ದ. ಇಂಥ ಮನೆಗೆ ಹೋದಾಗ ಮೊದಲ ಅರ್ಧ ಗಂಟೆ ನಾನು ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆಯುವುದಿಲ್ಲ. ಕಾಫಿ ಕುಡಿಯುತ್ತ ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಯಾವ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಹಲ್ಲಿನ ಸೆಟ್ಟು ಹಾಕಿಕೊಂಡು ನಗುವುದು ಅವರಿಗೆ ಹಿತವೋ ಅಲ್ಲವೋ ಎಂದು ತಿಳಿದುಕೊಳ್ಳುತ್ತೇನೆ. ಈ ಸಮಯಕ್ಕೂ ಬೆಲೆ ಕಟ್ಟಬೇಕು ಎಂಬುದು ವ್ಯಾಪಾರದ ಪಾಠ.

ಬೆಲೆ ಕಟ್ಟುವುದನ್ನು ನಾನು ಮೆಟ್ಟಿಲು ಮೆಟ್ಟಿಲಾಗಿ ಮಾಡಿದೆ. ಮೊದಲು ಪ್ರಿಂಟು ಮತ್ತು ಕಟ್ಟಿನ ಖರ್ಚನ್ನಷ್ಟೇ ಪಡೆಯುತ್ತಿದ್ದೆ, ನೆಂಟರಿಂದಲೂ ಬಿಡದೆ. ಆಮೇಲೆ ನನ್ನ ಸಮಯಕ್ಕೆ, ಈಗ ಅಡ್ವಾನ್ಸ್ ಸಹಿತ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದಂತೆ ಕಾಯುವ ಪೆಟ್ಟಿಗೆ, ಫೈಲುಗಳನ್ನು ಎರಡು ಕಡೆ ಉಳಿಸಲು ಹಾರ್ಡ್ ಡಿಸ್ಕ್, ಪೆಟ್ರೋಲು, ತಿದ್ದಲು ಕೂರುವ ಸಂಜೆಗಳು, ಇವೆಲ್ಲ ಲೆಕ್ಕಕ್ಕೆ ಬಂದ ಮೇಲೆ ನನ್ನ ಹಳೆಯ ದರ ದಾನವಾಗಿತ್ತೆಂದು ತಿಳಿಯಿತು. ಕಾಗದಪತ್ರದ ಕೆಲಸ ಜನ ಹೆದರುವಷ್ಟಿಲ್ಲ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೆಚ್ಚಿನವರಿಗೆ ತಿಳಿಯದ ಸಂಗತಿ ಬೇರೊಂದಿದೆ: 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಫೋಟೊದ ಮೊದಲ ಹಕ್ಕುದಾರರು ಹಣ ಕೊಟ್ಟು ತೆಗೆಸಿದವರೇ, ಬೇರೆ ಒಪ್ಪಂದವಿಲ್ಲದಿದ್ದರೆ. ಆದ್ದರಿಂದ ಆ ಅಜ್ಜಿಯ ಚಿತ್ರವನ್ನು ನನ್ನ ಕೆಲಸದ ಮಾದರಿಯೆಂದು ತೋರಿಸಬೇಕಾದರೆ ನಾನು ಅನುಮತಿ ಕೇಳಬೇಕು. ಎಷ್ಟು ಚಿತ್ರ, ಎಂದು ಕೊಡುವುದು, ಎಲ್ಲಿ ತೋರಿಸಬಹುದು ಎಂಬುದನ್ನು ಒಂದೇ ಪುಟದಲ್ಲಿ, ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕುವ ರೂಢಿಯನ್ನು ಅದಕ್ಕಾಗಿಯೇ ಮಾಡಿಕೊಂಡಿದ್ದೇನೆ. ಕೆಲವರು ಬೇಡವೆನ್ನುತ್ತಾರೆ, ಅವರ ಚಿತ್ರಗಳು, ನನ್ನ ಅತ್ಯುತ್ತಮ ಕೆಲಸಗಳಲ್ಲಿ ಒಂದೆರಡೂ ಸೇರಿ, ನಿಮಗೆಂದೂ ಕಾಣಿಸುವುದಿಲ್ಲ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ ಹೀಗಿದೆ. ವ್ಯಾಪಾರ ಆರಂಭವಾಗಿದೆ, ಆದರೆ ಅದಕ್ಕೆ ಮಳಿಗೆಯಿಲ್ಲ, ಮತ್ತು ನಿಮ್ಮ ಮನೆಯ ಜಗುಲಿಗೇ ನಾನು ಬರುವುದರಿಂದ ಸದ್ಯಕ್ಕೆ ಅದು ಬೇಕಾಗಿಯೂ ಇಲ್ಲ. ಲೆಕ್ಕಪತ್ರದ ನನ್ನ ನೌಕರಿಯನ್ನು ಬಿಡುವುದು, ಆಷಾಢವೂ ಮಳೆಗಾಲವೂ ಸೇರಿದ ಒಂದು ಪೂರ್ತಿ ವರ್ಷದ ಭಾವಚಿತ್ರದ ಸಂಪಾದನೆ ಮನೆಯ ಖರ್ಚನ್ನು ತೂಗಿಸಿದ ಮೇಲೆ. ಅಲ್ಲಿಯವರೆಗೆ ಭಾನುವಾರಗಳಂದು, ದಿನಕ್ಕೆ ಒಂದೇ ಮನೆ. ಮದುವೆಗೆ ದಯವಿಟ್ಟು ಕರೆಯಬೇಡಿ, ಊಟಕ್ಕಾದರೆ ಬರುತ್ತೇನೆ.