ಎರಡು ‘ನಾವು’

ಫಾರಂನ ಎಲ್ಲಾ ಕಾಲಂ ತುಂಬಿದ್ದೆ, ಒಂದನ್ನು ಬಿಟ್ಟು. ‘ಯಾವ ಜನರ ನಡುವೆ ಸೇವೆ ಮಾಡಲು ನಿಮಗೆ ಹೊರೆ ಇದೆ?’ ಅನ್ನುವ ಸಾಲಿನ ಮುಂದೆ ಜಾಗ ಖಾಲಿಯಾಗೇ ಉಳಿದಿತ್ತು. ಹೊರೆ ಅಂದರೆ ನಮ್ಮ ಸಭೆಯ ಮಾತಿನಲ್ಲಿ ದೇವರು ಮನಸ್ಸಿನಲ್ಲಿ ಇಟ್ಟ ಕಾಳಜಿ. ಒಂದು ಮಿಷನ್ ಸಂಸ್ಥೆಯವರು ಕೊಟ್ಟ ಫಾರಂ ಅದು. ಜೂನ್ ಮೊದಲ ವಾರದೊಳಗೆ ಕಳಿಸಬೇಕಿತ್ತು. ಮೇ ತಿಂಗಳ ಆ ಬೆಳಿಗ್ಗೆ ಅದನ್ನು ನಾಲ್ಕು ಮಡಿಕೆ ಮಾಡಿ ಬೈಬಲಿನೊಳಗೆ ಇಟ್ಟುಕೊಂಡು, ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಸಂಡೂರು ಬಸ್ಸಿಗೆ ಕಾಯುತ್ತಿದ್ದೆ.

ನಾನು ಮೈಸೂರಿನಲ್ಲಿ ಭಾಷಾವಿಜ್ಞಾನ ಎಂ.ಎ. ಓದುತ್ತಿದ್ದೇನೆ. ರಜೆಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬರುವಾಗ ಕ್ಲಾಸಿನಿಂದ ಒಂದು ಕೆಲಸ ಹೊತ್ತು ತಂದಿದ್ದೆ. ನಮಗೆ ಬಾರದ ಒಂದು ಭಾಷೆಯಲ್ಲಿ ನೂರು ಪದ ಕೇಳಿ ಬರೆದುಕೊಂಡು ಬರಬೇಕು. ಮಾರಿಸ್ ಸ್ವಾದೇಶ್ ಅನ್ನುವ ಅಮೆರಿಕದ ಭಾಷಾವಿಜ್ಞಾನಿ ಮಾಡಿದ ಪಟ್ಟಿ ಅದು. ನಾನು, ನೀನು, ನಾವು, ನೀರು, ಬೆಂಕಿ, ಕಣ್ಣು, ಕೈ. ಯಾವ ಭಾಷೆಯಾದರೂ ಇಟ್ಟುಕೊಂಡಿರಲೇಬೇಕಾದ ಮಾತುಗಳು.

ಭಾಷೆ ಓದುವ ಆಸೆ ಹುಟ್ಟಿದ್ದು ಮನೆಯಿಂದಲೇ. ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಉರ್ದು, ಮನೆಯೊಳಗೆ ತೆಲುಗು, ಸಾಲಿಯಲ್ಲಿ ಕನ್ನಡ. ಅಮ್ಮ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಾಳೆ. ಅವಳು ಓದುವುದು ತೆಲುಗು ಬೈಬಲ್. ನಾನು ಓದುವುದು ಕನ್ನಡ ಬೈಬಲ್. ರಾತ್ರಿ ಪ್ರಾರ್ಥನೆಗೆ ಕೂತಾಗ ಒಂದೇ ವಚನವನ್ನು ಅವಳು ಅದರಲ್ಲಿ, ನಾನು ಇದರಲ್ಲಿ ಓದುತ್ತೇವೆ. ಚಿಕ್ಕಂದಿನಿಂದ ಹಾಗೇ ರೂಢಿ.

ಸಂಡೇ ಸ್ಕೂಲಿನಲ್ಲಿ ಕೇಳಿದ ಜಾನ್ ಹ್ಯಾಂಡ್ಸ್ ಅವರ ಕಥೆಯೂ ಮನಸ್ಸಿನಲ್ಲಿ ಕೂತಿತ್ತು. ಲಂಡನ್ ಮಿಷನ್ನಿನ ಈ ಮನುಷ್ಯ ಬಳ್ಳಾರಿಗೆ ಬಂದದ್ದು 1810ರಲ್ಲಿ. ಆಗ ಅವರ ಕೈಗೆ ಕನ್ನಡದ ಒಂದು ಅಚ್ಚಾದ ವ್ಯಾಕರಣವೂ ಇರಲಿಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಹೊರಬಂದದ್ದು 1817ರಲ್ಲಿ. ಬಳ್ಳಾರಿಯಲ್ಲೇ ಹ್ಯಾಂಡ್ಸ್ ಜೊತೆ ಕೆಲಸ ಮಾಡಿದ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ ಬರುವ ಹೊತ್ತಿಗೆ 1894. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ. ಲೆಕ್ಕ ಹಾಕಿ ನೋಡಿ, ಹ್ಯಾಂಡ್ಸ್ ಬಂದು 21 ವರ್ಷ ಆಗಿತ್ತು. ನಮ್ಮೂರಿನ ಇದೇ ಬಿಸಿಲಿನಲ್ಲಿ, ಫ್ಯಾನಿಲ್ಲದೆ. ಅವರ ಪಕ್ಕದಲ್ಲಿ ಕೂತು ‘ಹೀಗಲ್ಲ, ಹೀಗೆ’ ಅಂತ ತಿದ್ದಿದ ಕನ್ನಡದ ಮುನ್ಷಿಗಳೂ ಇದ್ದಿರಲೇಬೇಕು. ನಾವು ಹೇಳುವ ಕಥೆಯಲ್ಲಿ ಅವರ ಹೆಸರು ಬರುವುದಿಲ್ಲ. ಅದು ನನಗೆ ಯಾವಾಗಲೂ ನೋವಿನ ವಿಷಯ.

ಸೇವೆಗೆ ದೇವರ ಕರೆ ಇದೆ ಅಂತ ನನಗೆ ಗೊತ್ತಿತ್ತು. ಎಲ್ಲಿಗೆ ಅನ್ನುವುದೇ ಗೊತ್ತಿರಲಿಲ್ಲ. ಸಭೆಯಲ್ಲಿ ಹಿರಿಯರು ಸಿಕ್ಕಾಗಲೆಲ್ಲ “ಯಾವ ಫೀಲ್ಡಮ್ಮ, ತೀರ್ಮಾನ ಆಯ್ತಾ?” ಅಂತ ಕೇಳುತ್ತಿದ್ದರು. ಫೀಲ್ಡ್ ಅಂದರೆ ಸೇವೆಗೆ ಹೋಗುವ ಜಾಗ. ಉಪವಾಸ ಮಾಡಿದ್ದೆ, ಪ್ರಾರ್ಥನೆ ಮಾಡಿದ್ದೆ. ಈಶಾನ್ಯ ಭಾರತದ ನಕ್ಷೆಯನ್ನು ಎಷ್ಟೋ ರಾತ್ರಿ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದ್ದೆ. ದೂರದ ಊರಾದರೇ ಸೇವೆ ಅನ್ನುವ ಭಾವನೆ ನನ್ನಲ್ಲಿತ್ತು, ಸುಳ್ಳು ಹೇಳುವುದಿಲ್ಲ.

ತೋರಣಗಲ್ಲು ದಾಟಿದ ಮೇಲೆ ಅದಿರು ಲಾರಿಗಳು ಜಾಸ್ತಿ. ರಸ್ತೆ ಬದಿಯ ಬೇವಿನ ಮರಗಳೂ ಕೆಂಪು ಧೂಳು ಹೊತ್ತು ನಿಂತಿರುತ್ತವೆ. ಸಂಡೂರು ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ ನನ್ನ ಪಿಯುಸಿ ಗೆಳತಿಯ ಮನೆ. ಕಬ್ಬು ಕಡಿಯಲು ಗುಳೆ ಹೋದವರೆಲ್ಲ ಮಳೆಗಾಲಕ್ಕೆ ಮುಂಚೆ ವಾಪಸ್ ಬಂದಿದ್ದರು, ಮನೆ ತುಂಬಿತ್ತು. ಗೆಳತಿಯ ಅಜ್ಜಿ ಹೊರಗಿನ ಕಟ್ಟೆಯ ಮೇಲೆ ಕೂತು ಕಸೂತಿ ಹಾಕುತ್ತಿದ್ದರು. ಕನ್ನಡಿ ಚೂರು ಹೊಲಿದ ಕಾಂಚಳಿ ರವಿಕೆ, ಘೇರಿನ ಫೇಟಿಯಾ ಲಂಗ, ಮೊಣಕೈ ದಾಟಿ ಏರಿದ ಬಿಳಿ ಬಳೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಕಸುಬು ಅನ್ನುವ ಗುರುತು, ಸಿಕ್ಕಿದೆ ಅಂತ ಓದಿದ್ದೆ. ಅದನ್ನು ಹಾಕುವ ಬೆರಳುಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಸಣ್ಣ ಸಣ್ಣ ಕಪ್ಪು ಚುಕ್ಕಿಗಳಾಗಿದ್ದವು.

ನೋಟ್‌ಬುಕ್ ತೆಗೆದೆ.

“ಅಜ್ಜಿ, ನಿಮ್ ಮಾತ್ನಾಗ ನೀರಿಗೆ ಏನಂತೀರಿ?”

“ಪಾಣಿ.” ಹಾಗಂದವರೇ ಒಳಗೆ ನೋಡಿ ಏನೋ ಕೂಗಿದರು. ಒಬ್ಬ ಹುಡುಗ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಹಿಡಿದ. ಪದ ಬರೆಯುವುದು ಬಿಟ್ಟು ನೀರು ಕುಡಿದೆ.

ತಾಯಿಗೆ ಯಾಡಿ. ರೊಟ್ಟಿಗೆ ಬಾಟಿ. ಮನೆಗೆ ಘರ. ಈ ‘ಘ’ ಹತ್ತಿರ ಸ್ವಲ್ಪ ನಿಂತೆ. ಕನ್ನಡದ ಹೆಚ್ಚಿನವರ ಆಡುಮಾತಿನಲ್ಲಿ ಮಹಾಪ್ರಾಣ ಇಲ್ಲ, ಬರಹದಲ್ಲೂ ಅದು ಬೇಕಿಲ್ಲ ಅಂತ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದನ್ನು ಕ್ಲಾಸಿನಲ್ಲಿ ಓದಿದ್ದೆವು. ಅಜ್ಜಿಯ ಬಾಯಲ್ಲಿ ಮಾತ್ರ ಆ ಅಕ್ಷರ ಪೂರ್ತಿ ಉಸಿರಿನ ಜೊತೆ ಬರುತ್ತಿತ್ತು. ಲಂಬಾಣಿಯನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ತೆಲಂಗಾಣದ ಕಡೆ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ. ನಾವು ಬಾಯಲ್ಲಿ ಬಿಟ್ಟುಬಿಟ್ಟ ಅಕ್ಷರ ಅವರಿಗೆ ಬೇಕೇ ಬೇಕು.

ಪಟ್ಟಿಯ ಮೂರನೇ ಪದದಲ್ಲೇ ತೊಡಕಾಗಿತ್ತು. ‘ನಾವು’ ಅನ್ನುವುದಕ್ಕೆ ಏನಂತೀರಿ ಅಂದರೆ ಗೆಳತಿ “ಹಮ್” ಅಂದಳು, ಅಜ್ಜಿ “ಆಪಣ್” ಅಂದರು. ಇಬ್ಬರೂ ತಮ್ಮದೇ ಸರಿ ಅಂದರು. ಹಳಬರ ಮಾತು, ಹೊಸಬರ ಮಾತು ಇರಬೇಕು ಅಂದುಕೊಂಡು ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿದ್ದೆ.

ಮಧ್ಯೆ ಒಬ್ಬ ಸಣ್ಣ ಹುಡುಗಿ ನನ್ನನ್ನು ತೋರಿಸಿ ಏನೋ ಕೇಳಿದಳು. ಅಜ್ಜಿ “ಕೋರ್” ಅಂದರು. ಹಾಗಂದರೇನು ಅಂತ ಗೆಳತಿಯನ್ನು ಕೇಳಿದೆ. ಅವಳು ಸ್ವಲ್ಪ ಸಂಕೋಚಪಟ್ಟಳು. “ನಾವು ಗೋರ್. ನಮ್ಮೋರಲ್ದೋರು ಕೋರ್” ಅಂದಳು.

ನನ್ನ ಪೆನ್ನು ನಿಂತಿತು. ಒಂದೇ ಒಂದು ಸದ್ದು ಬದಲಾದರೆ ಅರ್ಥ ಬದಲಾಗುವ ಎರಡು ಪದಗಳಿಗೆ ನಾವು ಮಿನಿಮಲ್ ಪೇರ್ ಅನ್ನುತ್ತೇವೆ. ಕನ್ನಡದಲ್ಲಿ ಕಾಳಿ, ಗಾಳಿ ಇದ್ದ ಹಾಗೆ. ‘ಕ’ಗೂ ‘ಗ’ಗೂ ಬಾಯೊಳಗೆ ನಾಲಿಗೆ ಇರುವುದು ಒಂದೇ ಜಾಗದಲ್ಲಿ. ‘ಗ’ ಅನ್ನುವಾಗ ಗಂಟಲಿನ ತಂತು ಒಂದು ಚೂರು ಮೊದಲೇ ಕಂಪಿಸಲು ಶುರು ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಅಷ್ಟರಲ್ಲೇ ಒಬ್ಬರು ಒಳಗೆ, ಒಬ್ಬರು ಹೊರಗೆ. ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದ 12ನೇ ಅಧ್ಯಾಯ ನೆನಪಾಯಿತು. ಯೊರ್ದನ್ ಹೊಳೆ ದಾಟಲು ಬಂದವರಲ್ಲಿ ಶತ್ರು ಯಾರು ಅಂತ ತಿಳಿಯಲು ಅವರ ಬಾಯಲ್ಲಿ ‘ಶಿಬ್ಬೋಲೆತ್’ ಅನ್ನಿಸುತ್ತಾರೆ. ‘ಶ’ ಬರದೆ ‘ಸ’ ಬಂದರೆ ಅಲ್ಲೇ ಕೊಲ್ಲುತ್ತಾರೆ. ಶಾಲೆಗೆ ಸಾಲಿ ಅನ್ನುವ ನಮ್ಮ ಕಡೆಯವರು ಆ ಹೊಳೆ ದಾಟುತ್ತಿದ್ದರೋ ಇಲ್ಲವೋ ಅಂತ ಆ ಅಧ್ಯಾಯ ಓದಿದಾಗಲೆಲ್ಲ ಎದೆ ಹಿಂಡುತ್ತದೆ. ಸದ್ದುಗಳನ್ನು ಕಲಿಯುವವರು ಆ ಕಥೆಯನ್ನು ಮರೆಯಬಾರದು.

ಗೆಳತಿಯ ಅಪ್ಪ ಹೊಲದಿಂದ ಬಂದರು. ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತರು. ನನ್ನ ಚೀಲದ ಪಕ್ಕ ಇದ್ದ ಮೊಬೈಲ್ ನೋಡಿದರು.

“ಇದು ನಮ್ ಮಾತು ಹಿಡಿಯಾಕ್ ಹತ್ತೈತೇನು?”

ಹೌದು, ರೆಕಾರ್ಡಿಂಗ್ ಆನ್ ಇತ್ತು. ಗೆಳತಿಗೆ ಹೇಳಿದ್ದೆ, ಅಜ್ಜಿಯನ್ನು ಕೇಳಿರಲಿಲ್ಲ. ಮೊದಲು ಒಪ್ಪಿಗೆ, ಆಮೇಲೆ ಮೈಕ್ ಅಂತ ನಮಗೆ ಮೊದಲ ದಿನವೇ ಕಲಿಸಿರುತ್ತಾರೆ. ಗೆಳತಿಯ ಮನೆ ಅಲ್ವಾ, ಏನಂದುಕೊಳ್ಳುತ್ತಾರೆ ಅಂತ ಸಲಿಗೆ ತೆಗೆದುಕೊಂಡಿದ್ದೆ. ತಪ್ಪು ನನ್ನದೇ. “ಹೌದು ಕಾಕಾ, ಕೇಳದೆ ಹಚ್ಚಿದೆ” ಅಂತ ಹೇಳಿ, ಅವರ ಮುಂದೆಯೇ ಅದನ್ನು ಅಳಿಸಿದೆ. ನಲವತ್ತು ನಿಮಿಷದ ಧ್ವನಿ ಹೋಯಿತು. ಕೈ ನಡುಗುತ್ತಿತ್ತು.

ಅವರು ಬೈಯಲಿಲ್ಲ. “ನಮ್ ಮಾತು ಕಲ್ತು ನೀ ಏನ್ ಮಾಡ್ತಿ?” ಅಂತ ಕೇಳಿದರು.

‘ಕಾಲೇಜಿಗೆ’ ಅಂದು ಮುಗಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆಗತಾನೆ ಒಂದು ಸಲ ಅವರಿಂದ ಮುಚ್ಚಿಟ್ಟಿದ್ದೆ. ಇನ್ನೊಂದು ಸಲ ಮುಚ್ಚಿಡಲು ಮನಸ್ಸು ಬರಲಿಲ್ಲ. ಹೇಳಿದೆ. ನಾನು ಯೇಸುವನ್ನು ನಂಬುವವಳು. ಓದು ಮುಗಿದ ಮೇಲೆ ಭಾಷೆಯ ಕೆಲಸ ಹಿಡಿದು ಸೇವೆಗೆ ಹೋಗಬೇಕು ಅಂತಿದ್ದೇನೆ. ಎಲ್ಲಿಗೆ ಅಂತ ಇನ್ನೂ ತಿಳಿದಿಲ್ಲ, ದೇವರನ್ನು ಕೇಳುತ್ತಿದ್ದೇನೆ. ಇವತ್ತಿನ ಪದಗಳು ಮಾತ್ರ ಕಾಲೇಜಿಗೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮಗ ಸೇವಾಲಾಲ್ ಮಾರಾಜ್ ಅದಾನವ್ವ” ಅಂದರು. ಲಂಬಾಣಿಗಳು ಪೂಜಿಸುವ ಸಂತ. ದನಿಯಲ್ಲಿ ಸಿಟ್ಟಿರಲಿಲ್ಲ.

“ಗೊತ್ತು ಕಾಕಾ” ಅಂದೆ. ಅದಕ್ಕಿಂತ ಹೆಚ್ಚು ಹೇಳಬೇಕು ಅನ್ನಿಸಲಿಲ್ಲ. ನನ್ನ ನಂಬಿಕೆಯನ್ನು ನಾನು ಕೆಳಗಿಡಲಿಲ್ಲ, ಅವರೂ ತಮ್ಮದನ್ನು ಕೆಳಗಿಡಲಿಲ್ಲ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತಿದ್ದೆವು.

ಮಾತಾಡಿದ್ದು ಅಜ್ಜಿ. ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಹೇಳಿದರು. “ಎಲ್ಲಾರೂ ಬರ್ತಾರ. ಕಸೂತಿ ಕೇಳ್ತಾರ, ಹಾಡು ಕೇಳ್ತಾರ, ವೋಟು ಕೇಳ್ತಾರ. ಬರಕೊಂಡು ಹೋಗ್ತಾರ. ಹೋದೋರು ಮತ್ತ ಬರಂಗಿಲ್ಲ.”

ನಾನು ನೋಟ್‌ಬುಕ್ ಮುಚ್ಚಿದೆ. ಪಟ್ಟಿಯಲ್ಲಿ ಇನ್ನೂ ಅರವತ್ತಕ್ಕಿಂತ ಜಾಸ್ತಿ ಪದ ಉಳಿದಿದ್ದವು. ಅವತ್ತು ಮತ್ತೆ ತೆರೆಯಲಿಲ್ಲ. ಅಜ್ಜಿ ಒಂದು ಹಳೇ ಬಟ್ಟೆ ತುಂಡು, ಸೂಜಿ ಕೊಟ್ಟರು. ಒಂದು ಸಾಲು ಹೊಲಿಗೆ ಹಾಕಿದೆ, ಸೊಟ್ಟ ಬಂತು. ಬಿಚ್ಚಿ ಮತ್ತೆ ಹಾಕಿಸಿದರು. ಕಲಿಯುವವಳ ಜಾಗದಲ್ಲಿ ಕೂತೆ, ಅಲ್ಲಿ ನನಗೆ ನೆಮ್ಮದಿ ಇತ್ತು.

ಮಧ್ಯಾಹ್ನ ಒಲೆಯ ಹತ್ತಿರದಿಂದ ಗೆಳತಿಯ ಅಮ್ಮ ಕರೆದರು. ಅಜ್ಜಿ ಕಸೂತಿ ಮಡಿಸಿಟ್ಟು ಎದ್ದರು. ನನ್ನ ಭುಜ ಮುಟ್ಟಿ, ನನ್ನ ಮುಖ ನೋಡಿ ಒಂದು ಮಾತು ಹೇಳಿದರು. ಎರಡೇ ಪದ ನನಗೆ ಹಿಡಿಯಿತು. ಆಪಣ್. ಬಾಟಿ.

ಆಗ ಹೊಳೆಯಿತು. ಹಳಬರ ಮಾತು, ಹೊಸಬರ ಮಾತು ಅಲ್ಲವೇ ಅಲ್ಲ. ಹಮ್ ಅಂದರೆ ನೀನಿಲ್ಲದ ನಾವು. ಆಪಣ್ ಅಂದರೆ ನೀನೂ ಸೇರಿದ ನಾವು. ತೆಲುಗಿನಲ್ಲಿ ಮೇಮು, ಮನಮು ಇಲ್ಲವೇ, ಹಾಗೆ. ಹುಟ್ಟಿದಾಗಿನಿಂದ ಮನೆಯಲ್ಲಿ ಈ ಎರಡನ್ನೂ ಆಡುತ್ತಿದ್ದೇನೆ. ಆದರೂ ಪಟ್ಟಿ ಹಿಡಿದು ಕೂತಾಗ ಕನ್ನಡದ ಒಂದೇ ‘ನಾವು’ ಇಟ್ಟುಕೊಂಡು ಕೇಳಿದ್ದೆ. ಉತ್ತರ ಎರಡು ಬಂದಾಗ ಅವರದೇ ಗೊಂದಲ ಅಂದುಕೊಂಡಿದ್ದೆ.

ಜೋಳದ ಬಾಟಿ, ಹಸಿಮೆಣಸಿನ ಚಟ್ನಿ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರದ್ದಷ್ಟೇ ಅಲ್ಲ ಅದು.

ವಾಪಸ್ ಬಸ್ಸಿನಲ್ಲಿ ಮಾರ್ಕನ ಸುವಾರ್ತೆ ತೆರೆದೆ. ನಾಲ್ಕನೇ ಅಧ್ಯಾಯ. ಬಿರುಗಾಳಿ ಬಂದು ದೋಣಿಯೊಳಗೆ ನೀರು ನುಗ್ಗುತ್ತಿದೆ. ಯೇಸು ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ಮಲಗಿದ್ದಾನೆ. ಶಿಷ್ಯರು ಎಬ್ಬಿಸಿ, ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ ಅನ್ನುತ್ತಾರೆ. ಕನ್ನಡದಲ್ಲಿ ಓದುವಾಗ ಅಲ್ಲಿ ಯಾವ ತೊಡಕೂ ಇಲ್ಲ. ಲಂಬಾಣಿಗೆ ತರುವವರು ಮಾತ್ರ ಅಲ್ಲಿ ನಿಲ್ಲಲೇಬೇಕು. ಹಮ್ ಅನ್ನಬೇಕೋ, ಆಪಣ್ ಅನ್ನಬೇಕೋ? ಮುಳುಗುವ ‘ನಾವು’ ಒಳಗೆ ಆತನೂ ಇದ್ದಾನೋ, ಇಲ್ಲವೋ? ಗ್ರೀಕ್ ಮೂಲದಲ್ಲೂ ಈ ಭೇದ ಇಲ್ಲ. ಹಾಗಾಗಿ ಮೂಲ ನೋಡಿದರೆ ಉತ್ತರ ಸಿಗುವುದಿಲ್ಲ. ಆ ಭಾಷೆ ಆಡುವವರ ಜೊತೆ ಕೂತು, ಭಯ ಬಿದ್ದಾಗ ಅವರು ಯಾರನ್ನು ಸೇರಿಸಿಕೊಂಡು ಕೂಗುತ್ತಾರೆ ಅಂತ ಕೇಳಬೇಕು. ನೂರು ಪದದ ಪಟ್ಟಿಯಿಂದ ಅದು ಬರುವುದಿಲ್ಲ. ಕನ್ನಡ ಬೈಬಲಿಗೆ 21 ವರ್ಷ ಯಾಕೆ ಹಿಡಿಯಿತು ಅನ್ನುವುದು ನನಗೆ ಆ ಬಸ್ಸಿನಲ್ಲಿ ಅರ್ಥವಾಯಿತು.

ರಾತ್ರಿ ಅಮ್ಮನಿಗೆ ಅದೇ ವಚನ ಓದಲು ಹೇಳಿದೆ. ತೆಲುಗಿನಲ್ಲಿ ‘ಮೇಮು’ ಅಂತಿದೆ. ಆತನನ್ನು ಬಿಟ್ಟ ನಾವು. ಅಮ್ಮ ಎಷ್ಟೋ ಸಲ ಓದಿದ ವಚನ. ಕತ್ತರಿ ಹಿಡಿದ ಕೈ ನಿಲ್ಲಿಸಿ ಯೋಚನೆ ಮಾಡಿದಳು. “ಆಯನೂ ಅದೇ ದೋಣೀಲಿ ಇದ್ದನಲ್ಲ” ಅಂದಳು. ಇನ್ನೊಂದು ಪ್ಯಾಂಟ್ ಎತ್ತಿಕೊಂಡಳು.

ಫಾರಂ ಕಳಿಸಲಿಲ್ಲ. ಈ ವರ್ಷ ಬರುವುದಿಲ್ಲ, ಇಲ್ಲಿ ಕಲಿಯುವುದು ಬಾಕಿ ಇದೆ ಅಂತ ಒಂದು ಪತ್ರ ಬರೆದೆ. ಸಭೆಯಲ್ಲಿ ಕೆಲವರಿಗೆ ಬೇಸರವಾಯಿತು. “ಸಂಡೂರು ಒಂದು ಫೀಲ್ಡಾ?” ಅಂತ ಒಬ್ಬರು ಕೇಳಿದರು. ಅವರ ಪ್ರೀತಿ ನನಗೆ ಗೊತ್ತು. ಅದಕ್ಕೆ ಎದುರಾಡಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ಅದೇ ಬಸ್ ಹತ್ತಿದೆ. ಬೈಬಲ್ ಇತ್ತು, ನೋಟ್‌ಬುಕ್ ಇತ್ತು. ಹಿಂದಿನ ಸಲ ಕೊಟ್ಟ ಬಟ್ಟೆ ತುಂಡೂ ಇತ್ತು, ಅದರ ಮೇಲೆ ಮೂರು ಸಾಲು ಹೊಲಿಗೆ ಹಾಕಿದ್ದೆ. ಅಜ್ಜಿ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಎರಡನೇ ಸಾಲನ್ನು ಬಿಚ್ಚಿದರು. ಆಮೇಲೆ ಕಾಲು ಚಾಚಿ ಕೂತು, ನನ್ನ ಚೀಲದ ಕಡೆ ಕೈ ತೋರಿಸಿದರು.

“ಈಗ ಹಚ್ಚವ್ವ ನಿನ್ ಮೊಬೈಲು.”